ಬಸುರಿಯರಿಗೆ ಇಲ್ಲ ಅಂದ ಭಟ್ಟಿ ಆಯಿ

ಭಟ್ಟಿ ಆಯಿ ಹೋದಳೆಂಬ ಸುದ್ದಿ ಹೇಳಿದವಳು ಹಸೀನಾ. ಗಡಿಯಾಚೆಯ ಜತ್ತ ತಾಲೂಕಿನ ಒಂದು ವಸ್ತಿಯ ಆರೋಗ್ಯ ಉಪಕೇಂದ್ರದಲ್ಲಿ ನಾನು ನರ್ಸಾಗಿದ್ದಾಗ ಅವಳು ಅಲ್ಲಿಯ ಆಶಾ ಕಾರ್ಯಕರ್ತೆ. ನಾನು ನಿವೃತ್ತಳಾಗಿ ಜತ್ತ ಪೇಟೆಯಲ್ಲಿ ಮನೆ ಮಾಡಿದ ಮೇಲೂ ವಸ್ತಿಯ ಸುಖದುಃಖ ನನಗೆ ಮುಟ್ಟುವುದು ಅವಳ ಫೋನಿನಿಂದಲೇ.

"ಮುಂಜಾನಿ ಚಾ ಕುಡದು ಹೊರಸಿನ ಮ್ಯಾಲ ಅಡ್ಡಾದಾಕಿ ಏಳಲೇ ಇಲ್ರಿ ಬಾಯಾರ. ಮಧ್ಯಾಹ್ನಕ್ಕ ಮಣ್ಣ ಐತಿ. ಬರ್ತೀರೇನು?"

ಹೋದೆ. ಅಂಗಳದಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು. ಕಂಕುಳಲ್ಲಿ ಕೂಸು, ಮಡಿಲಲ್ಲಿ ಕೂಸು, ಸೆರಗು ಹಿಡಿದು ನಿಂತ ಶಾಲೆಗೆ ಹೋಗುವ ಮಕ್ಕಳು. ಸೋಲಾಪುರದ ಕಡೆಯಿಂದ ಬಂದಿದ್ದ ಆಯಿಯ ದೂರದ ನೆಂಟನೊಬ್ಬ ಇದನ್ನೆಲ್ಲ ನೋಡಿ ಬೆರಗಾಗಿ ನನ್ನ ಹತ್ತಿರ ಬಂದ.

"ಏನ ಮಾಡ್ಕೊಂಡಿದ್ದಳ್ರಿ ನಮ್ಮ ಮುದುಕಿ? ಸೂಲಗಿತ್ತಿ ಇದ್ದಳೇನು?"

"ಇಲ್ರಿ. ಸಾರಾಯಿ ಮಾರತಿದ್ದಳು" ಅಂದೆ.

ಸಾವಿನ ಮನೆಯಲ್ಲಿ ನಾನು ಚೇಷ್ಟೆ ಮಾಡುತ್ತಿದ್ದೇನೆಂದು ತಿಳಿದು ಆತ ಮುಖ ತಿರುಗಿಸಿ ಆಚೆ ಹೋದ. ಆದರೆ ಅದು ಚೇಷ್ಟೆಯಲ್ಲ. ಆಕೆ ಬದುಕಿದ್ದೇ ಹಾಗೆ.

ಹೆಸರು ಬರೆಯುವುದಿಲ್ಲ. ಮಗ ಈಗ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದಾನೆ, ಮೊಮ್ಮಗಳು ಕಾಲೇಜಿಗೆ ಹೋಗುತ್ತಾಳೆ. ಭಟ್ಟಿಯ ಮಾತು ಅವರಿಗೆ ಬೇಡವಾಗಿದೆ. ಅಷ್ಟಕ್ಕೂ ಊರಿನಲ್ಲಿ ಆಕೆಯ ನಿಜವಾದ ಹೆಸರು ಎಷ್ಟು ಜನಕ್ಕೆ ಗೊತ್ತಿತ್ತೋ. ದೊಡ್ಡವರಿಗೆ, ಸಣ್ಣವರಿಗೆ, ಪೊಲೀಸರಿಗೆ ಕೂಡ ಆಕೆ ಭಟ್ಟಿ ಆಯಿ.

ಎತ್ತರದ ಹೆಂಗಸು. ಬೆನ್ನು ಬಾಗಿದ್ದನ್ನು ನಾನು ಕೊನೆಯವರೆಗೂ ಕಾಣಲಿಲ್ಲ. ಬಲಗೈಯ ಮೇಲೆ ಹಬೆ ಬಡಿದು ಸುಟ್ಟ ಕಲೆ. ಮಾತಾಡುವಾಗ ಆ ಕೈಯಿಂದಲೇ ಗೋಡೆಯನ್ನೋ ನೆಲವನ್ನೋ ತಟ್ಟುವ ಅಭ್ಯಾಸ. ಮಾತು ಮುಗಿಯಿತೆಂದರೆ ತಟ್ಟುವುದೂ ನಿಲ್ಲುತ್ತಿತ್ತು. ನಗುವಾಗ ಸದ್ದು ಬರುತ್ತಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿದ್ದವು. ಗಂಡ ಕುಡಿದು ಕುಡಿದೇ ಸತ್ತಿದ್ದ. ಹೊಲವಿಲ್ಲ, ಕೈಯಲ್ಲಿ ಸಣ್ಣ ಮಗ. ಗಂಡನಿಂದ ಕಲಿತ ಒಂದೇ ಒಂದು ಕಸುಬು ಸಾರಾಯಿ ಕಾಸುವುದು, ಅದನ್ನೇ ಹಿಡಿದಳು. ವಸ್ತಿಯ ಕೊನೆಗೆ, ಹಳ್ಳದ ದಂಡೆಯ ಜಾಲಿಗಿಡಗಳ ನಡುವೆ ಆಕೆಯ ಹಾತಭಟ್ಟಿ ಹೊಗೆಯಾಡುತ್ತಿತ್ತು. ತಾನು ಮಾತ್ರ ಒಂದು ಹನಿ ಮುಟ್ಟಿದವಳಲ್ಲ. ಯಾಕೆಂದು ಕೇಳಿದ್ದಕ್ಕೆ, "ದಿನಾ ಅದರ ವಾಸನಿ ಕುಡದು ನಂಗ ಊಟಾನ ಸೇರಂಗಿಲ್ರಿ, ಇನ್ನ ಅದನ್ನ ಬ್ಯಾರೇ ಕುಡೀಲೇನು" ಅಂದಿದ್ದಳು.

ವರ್ಷಕ್ಕೊಮ್ಮೆಯೋ ಎರಡು ಸಲವೋ ಪೊಲೀಸರು ಬಂದು ಕೊಡ ಒಡೆದು, ಕೊಳೆತ ಬೆಲ್ಲದ ನೀರನ್ನು ಹಳ್ಳಕ್ಕೆ ಚೆಲ್ಲಿ ಹೋಗುತ್ತಿದ್ದರು. ಒಂದು ಬೇಸಿಗೆಯಲ್ಲಿ ಆ ಹೊತ್ತಿಗೆ ನಾನು ಅದೇ ದಾರಿಯಲ್ಲಿ ಲಸಿಕೆಯ ಪೆಟ್ಟಿಗೆ ಹೊತ್ತು ಹೊರಟಿದ್ದೆ. ಆಯಿ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ನೋಡುತ್ತಿದ್ದಳು. ಕೊನೆಯ ಕೊಡ ಒಡೆದ ಮೇಲೆ ಎದ್ದು, "ಆತೇನ್ರಿ ಸಾಹೇಬ್ರ? ನೀರ ಕುಡದು ಹೋಗ್ರಿ, ಬಿಸಲು ಭಾಳ ಐತಿ" ಅಂತ ತಂಬಿಗೆ ಹಿಡಿದಳು. ಅವರು ಕುಡಿದೇ ಹೋದರು. ವಾರ ಕಳೆಯುವುದರೊಳಗೆ ಹೊಗೆ ಮತ್ತೆ ಎದ್ದಿತು.

ಆ ವಸ್ತಿಯ ಬಹಳಷ್ಟು ಮನೆಗಳು ದೀಪಾವಳಿಯಾಗುತ್ತಲೇ ಬೀಗ ಹಾಕಿಕೊಳ್ಳುತ್ತಿದ್ದವು. ಗಂಡ ಹೆಂಡಿರಿಬ್ಬರೂ ಟೋಳಿ, ಅಂದರೆ ಗುಂಪು, ಕಟ್ಟಿಕೊಂಡು ಕೃಷ್ಣಾ ದಂಡೆಯ ಊರುಗಳಿಗೆ ಕಬ್ಬು ಕಡಿಯಲು ಹೋಗುವರು. ಗಂಡ ಕಡಿದದ್ದನ್ನು ಹೆಂಡತಿ ಕಟ್ಟಿ, ತಲೆಯ ಮೇಲೆ ಹೊತ್ತು, ಟ್ರ್ಯಾಕ್ಟರಿಗೆ ಏರಿಸಬೇಕು. ಹೊಟ್ಟೆಯಲ್ಲಿ ಕೂಸಿದ್ದರೂ ಹೊರೆ ತಪ್ಪದು. ಸಂಜೆಗೆ ಸೊಂಟ ಹಿಡಿದುಕೊಂಡು ಬಿದ್ದಾಗ ಗಂಡ ಕುಡಿಯುವುದರಲ್ಲಿ ಅರ್ಧ ಲೋಟ ಹೆಂಡತಿಗೂ. ಅದು ಚಟವೆಂದು ಯಾರೂ ತಿಳಿದಿರಲಿಲ್ಲ, ನೋವಿನ ಔಷಧ. ಊರಿಗೆ ಬಂದ ಮೇಲೂ ಅದೇ ಔಷಧ ಮುಂದುವರಿಯುತ್ತಿತ್ತು. ಹೆತ್ತ ಮೇಲೆ ಬಾಣಂತಿಯ ಮೈ ಬೆಚ್ಚಗಿರಲೆಂದು ಮತ್ತೆ ಒಂದಿಷ್ಟು. ಕೂಸು ಅಳು ನಿಲ್ಲಿಸದಿದ್ದರೆ ಬೆರಳು ಅದ್ದಿ ಅದರ ಬಾಯಿಗೂ.

ಕೂಸುಗಳು ಬೆರಳುದ್ದ ಹುಟ್ಟುತ್ತಿದ್ದವು ಎಂದರೆ ಉತ್ಪ್ರೇಕ್ಷೆ, ಆದರೆ ಎತ್ತಿಕೊಂಡರೆ ಎತ್ತಿಕೊಂಡಂತೆಯೇ ಅನಿಸುತ್ತಿರಲಿಲ್ಲ. ಕೆಲವು ಹುಟ್ಟುವ ಮೊದಲೇ, ಕೆಲವು ತೊಟ್ಟಿಲಿಗೆ ಬರುವ ಮೊದಲೇ ಹೋಗುತ್ತಿದ್ದವು. ಎಲ್ಲಕ್ಕೂ ಸಾರಾಯಿಯೇ ಕಾರಣ ಎಂದು ನಾನು ಹೇಳಲಾರೆ. ಸಣ್ಣ ವಯಸ್ಸಿನ ಮದುವೆಯಿತ್ತು, ಅರೆಹೊಟ್ಟೆಯಿತ್ತು, ದವಾಖಾನೆಯ ದೂರವಿತ್ತು. ಆದರೆ ಸಾರಾಯಿಯೂ ಇತ್ತು. ಅದನ್ನು ಸಭೆಯಲ್ಲಿ ಎತ್ತಿದರೆ ಗಂಡಸರು, "ಏ, ನಮ್ಮ ಹೆಂಗಸರು ಕುಡಿಯಂಗಿಲ್ರಿ ಬಾಯಾರ" ಎಂದು ನಗುವರು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನೆಲ ನೋಡುವರು. ನಾನೂ ಹಸೀನಾಳೂ ಚಿತ್ರದ ಹಾಳೆಗಳನ್ನು ತೋರಿಸಿ, ಕಬ್ಬಿಣದ ಕೆಂಪು ಗುಳಿಗೆ ಹಂಚಿ ಎದ್ದು ಬರುತ್ತಿದ್ದೆವು.

ಒಂದು ಮಧ್ಯಾಹ್ನ ಆಯಿ ತಾನಾಗಿಯೇ ಉಪಕೇಂದ್ರಕ್ಕೆ ಬಂದಳು. ಹಿಂದೆಂದೂ ಬಂದವಳಲ್ಲ. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೇ ಕುಳಿತಳು.

"ಆಯಿ, ಒಳಗ ಬರ್ರಿ, ಕುಂದ್ರಿ" ಅಂದೆ.

"ಇಲ್ಲೇ ಇರ್ತೀನಿ. ಮೈಯೆಲ್ಲಾ ಅದರ ವಾಸನಿ. ಒಂದ ಮಾತ ಕೇಳಾಕ ಬಂದೀನಿ. ನೀವು ಮೀಟಿಂಗನ್ಯಾಗ ಹೇಳತೀರಲ್ಲ, ಬಸರಿ ಕುಡದ್ರ ಕೂಸೂ ಕುಡದಂಗ ಅಂತ. ಅದು ಖರೇನ ಏನು, ಸರ್ಕಾರದವರು ಹೇಳು ಅಂದಾರಂತ ಹೇಳತೀರೊ?"

ನಾನು ಆಕೆಯ ಎದುರಿಗೆ ಹೊಸ್ತಿಲಲ್ಲೇ ಕುಳಿತು ಹೇಳಿದೆ. ತಾಯಿ ಉಂಡದ್ದು, ಕುಡಿದದ್ದು ಹೊಕ್ಕುಳಬಳ್ಳಿಯ ಮೂಲಕ ಕೂಸಿಗೆ ಹೋಗುತ್ತದೆ. ದೊಡ್ಡವರ ಮೈ ಅದನ್ನು ಹೇಗೋ ಅರಗಿಸುತ್ತದೆ, ಕೂಸಿನ ಮೈಗೆ ಆ ಶಕ್ತಿಯಿಲ್ಲ. ಅದು ಬೆಳೆಯುವುದು ಕುಗ್ಗುತ್ತದೆ. ತಲೆಯ ಬೆಳವಣಿಗೆಗೂ ಪೆಟ್ಟು. ಕೆಲವು ಉಳಿಯುವುದೇ ಇಲ್ಲ.

"ಒಂದ ಗುಟುಕಿಗೂ?"

"ಇಷ್ಟ ಕುಡದ್ರ ಏನೂ ಆಗಂಗಿಲ್ಲ ಅಂತ ಹೇಳಾಕ ಬರಂಗಿಲ್ಲ ಆಯಿ. ಒಂದ ಗುಟುಕೂ ಬ್ಯಾಡ."

ನೆಲ ತಟ್ಟುವ ಕೈ ಸುಮ್ಮನೆ ಮಡಿಲಲ್ಲಿ ಬಿದ್ದಿತ್ತು.

"ಇವತ್ತ ಮುಂಜಾನಿ ಸುಗಲಾನ ಗಂಡ ಬಂದಿದ್ದ" ಅಂದಳು ಕೊನೆಗೆ. "ಕೂಸು ಹೋತಂತ. ಕುಣಿ ತೋಡಾವ್ರಿಗೆ ಕೊಡಾಕ ಬಾಟ್ಲಿ ಬೇಕಂದ. ಕೊಟ್ಟೆ. ಹೋದ ಸಲಾನೂ ಕೊಟ್ಟಿದ್ದೆ. ಅಂವ ಆ ಕಡೆ ಹೋದ ಮ್ಯಾಲ ನೆನಪಾತು, ಈಕಿ ಬಸರಿದ್ದಾಗ ಸಂಜಿ ಸಂಜೀಕ ನನ್ನ ಹಂತೇಕನ ಬರತಿದ್ದಳು. ಯಾವ ಮನ್ಯಾಗ ಕೂಸು ಹೋದ್ರೂ ಗಂಡಸರು ಮೊದಲ ನನ್ನ ಮನಿಗೇ ಬರ್ತಾರ್ರಿ. ಹೆಂಗಸರು ಅದಕ್ಕಿಂತ ಮೊದಲ ಬಂದಿರ್ತಾರ."

ಎದ್ದು ಹೊರಟುಬಿಟ್ಟಳು. ಸುಗಲಾ ಅಂದರೆ ಅಸಂಗಿಯಿಂದ ಆ ವಸ್ತಿಗೆ ಸೊಸೆಯಾಗಿ ಬಂದ ಹುಡುಗಿ. ಆಗ ಹೋದದ್ದು ಅವಳ ಎರಡನೆಯ ಕೂಸು.

ಆಯಿ ಭಟ್ಟಿ ಮುಚ್ಚುತ್ತಾಳೆಂದು ನಾನು ತಿಳಿದಿದ್ದೆ. ಮುಚ್ಚಲಿಲ್ಲ. ಮರುದಿನವೂ ಹೊಗೆ ಎದ್ದಿತು, ಗಂಡಸರೂ ಬಂದರು. ಆದರೆ ಹೊಟ್ಟೆಯಲ್ಲಿ ಕೂಸಿದ್ದವರಿಗೆ, ಮೊಲೆಯೂಡಿಸುವವರಿಗೆ ಆಕೆ ಕೊಡುವುದನ್ನು ನಿಲ್ಲಿಸಿದಳು. ಅವರ ಗಂಡಂದಿರು ಬಂದರೆ ಅಲ್ಲೇ ಕುಡಿದು ಹೋಗಬೇಕು, ಮನೆಗೆ ಒಯ್ಯುವಂತಿಲ್ಲ. ಒಬ್ಬ ಜಗಳಕ್ಕೇ ನಿಂತ. "ನೀ ಯಾರ ನನ್ನ ಹೆಂಡ್ತಿ ಉಸಾಬರಿ ಮಾಡಾಕ?" ಅಂದನಂತೆ. "ನಾನ ಕಾಸಿದ್ದು, ಯಾರಿಗೆ ಕೊಡಬೇಕು ಅನ್ನೂದೂ ನಂದ. ಬ್ಯಾಡಾದ್ರ ನೀನೂ ಕುಡೀಬ್ಯಾಡ, ಇನ್ನೂ ಚಲೋ" ಅಂದಳಂತೆ ಆಯಿ.

ಹೆಂಗಸರನ್ನು ಬರಿಗೈಯಲ್ಲಿ ಕಳಿಸುವುದು ಆಕೆಗೆ ಒಪ್ಪಿಗೆಯಾಗಲಿಲ್ಲ. ನೋವೆಂದು ಬಂದವರು ನೋವಿನಿಂದಲೇ ಹೋಗಬಾರದು. ಭಟ್ಟಿಯ ಮೇಲೆ ತಣ್ಣೀರಿನ ದೊಡ್ಡ ಪಾತ್ರೆ ಕೂಡಿಸಿರುತ್ತಾರೆ. ಕೆಳಗಿನ ಹಬೆ ಅದಕ್ಕೆ ಬಡಿದು ಸಾರಾಯಿಯಾಗಿ ಇಳಿಯುತ್ತದೆ. ಆ ನೀರು ಕಾದು ಕಾದು ಮತ್ತೆ ಮತ್ತೆ ಬದಲಿಸಬೇಕಾಗುತ್ತದೆ. ಅಷ್ಟು ವರ್ಷ ಆ ಬಿಸಿನೀರನ್ನು ಹಳ್ಳಕ್ಕೆ ಸುರಿಯುತ್ತಿದ್ದವಳು ಈಗ ಹಿತ್ತಲಲ್ಲಿ ಚಾಪೆಯ ಮರೆ ಕಟ್ಟಿದಳು. ಬಸುರಿಯರನ್ನು ಮಣೆಯ ಮೇಲೆ ಕೂಡಿಸಿ, ಸೊಂಟಕ್ಕೆ ಎಣ್ಣೆ ಹಚ್ಚಿ, ಕೈಯದ್ದಿ ಬಿಸಿ ನೋಡಿಕೊಂಡು, ಹದವಾದ ನೀರನ್ನು ಸಣ್ಣಗೆ ಬೆನ್ನಿಗೆ ಬಿಡುವಳು. ಆಮೇಲೆ ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ. ನನ್ನ ಕೆಂಪು ಗುಳಿಗೆಗಳನ್ನೂ ಅಲ್ಲೇ ಇಟ್ಟುಕೊಂಡು, ಉಂಡ ಮೇಲೆ ತನ್ನ ಕಣ್ಣೆದುರಿಗೇ ನುಂಗಿಸುವಳು. ನಾನು ಮನೆಮನೆಗೆ ಕೊಟ್ಟಾಗ ತಿಪ್ಪೆ ಸೇರುತ್ತಿದ್ದ ಗುಳಿಗೆಗಳು ಅವು.

ಮೊದಮೊದಲು ಒಬ್ಬಿಬ್ಬರು, ಆಮೇಲೆ ಸಂಜೆಯಾದರೆ ಹಿತ್ತಲ ತುಂಬ ಹೆಂಗಸರು. ಬರುವಾಗ ಒಬ್ಬೊಬ್ಬರು ಒಂದಿಷ್ಟು ಕಟ್ಟಿಗೆ ತರುವರು. ಬಸುರಿಯಲ್ಲದವರೂ ಬಂದು ಕೂರುವರು. ಸಭೆಯಲ್ಲಿ ಸೆರಗು ಬಾಯಿಗೊತ್ತಿಕೊಂಡವರು ಅಲ್ಲಿ ಮಾತಾಡಿದರು. ಯಾರು ಎಷ್ಟು ಕುಡಿಯುತ್ತಿದ್ದರು, ಯಾಕೆ ಬಿಡಲಾಗುತ್ತಿಲ್ಲ, ಯಾರ ಗಂಡ ಕುಡಿ ಎಂದು ಒತ್ತಾಯ ಮಾಡುತ್ತಾನೆ. ಕುಡಿತ ಬಿಟ್ಟರೆ ಕೈ ನಡುಗುತ್ತದೆ ಅಂದ ಒಬ್ಬಳನ್ನು ಹಸೀನಾ ತಾಲೂಕಿನ ದವಾಖಾನೆಗೆ ಕರೆದುಕೊಂಡು ಹೋಗಿ ಡಾಕ್ಟರ ಕೈಗೆ ಒಪ್ಪಿಸಿದಳು. ಅಂಥವರು ತಾವಾಗಿಯೇ ಒಮ್ಮೆಲೆ ಬಿಟ್ಟರೆ ಜೀವಕ್ಕೆ ಅಪಾಯ.

ಆಯಿ ಕೊಡದಿದ್ದರೆ ಸಿಗುವ ಇನ್ನೊಂದು ಜಾಗವಿತ್ತು. ಡಾಂಬರು ರಸ್ತೆಯ ಬದಿಗೆ ಇನ್ನೊಬ್ಬ ಮಾರುತ್ತಿದ್ದ. ಒಂದು ಮುಂಜಾನೆ ಆಯಿ ಹೆಂಗಸರನ್ನು ಕರೆದುಕೊಂಡು ಅವನ ಬಾಗಿಲಿಗೆ ಹೋದಳು. ನಾನೂ ಹಸೀನಾಳೂ ಹಿಂದೆ ಇದ್ದೆವು. ಅವನು ಕೈಯಲ್ಲಿ ಬಡಿಗೆ ಹಿಡಿದೇ ಹೊರಗೆ ಬಂದ.

"ಬಡಗಿ ಇಡೋ ತಮ್ಮಾ" ಅಂದಳು ಆಯಿ. "ನಿನ್ನ ಧಂದೆ ಮುಚ್ಚು ಅನ್ನಾಕ ಬಂದಿಲ್ಲ. ನಂದೂ ಅದ ಧಂದೆ. ಬಸರಿ ಹೆಂಗಸರಿಗಿ, ಬಾಣ್ತ್ಯಾರಿಗಿ ಕೊಡಬ್ಯಾಡ. ಅಷ್ಟ."

"ಯಾರ ಬಸರಿ, ಯಾರ ಅಲ್ಲ, ನಂಗ ಹೆಂಗ ಗೊತ್ತಾಗಬೇಕು?"

"ನಾ ಹೇಳಿ ಕಳಸತೀನಿ."

ಹಿಂದಿನಿಂದ ಯಾರೋ ನಕ್ಕರು. ಅವನಿಗೆ ಸಿಟ್ಟು ಬಂತು. "ನಿಮ್ಮ ಕೂಸು ಸಾಯೂದಕ್ಕ ನಾ ಏನ್ ಮಾಡಲಿ? ಹಣೆಬರಾ ನಿಮ್ದು" ಅಂದ.

ಆಗ ಒಳಗಿನಿಂದ ಅವನ ಹೆಂಡತಿ ಹೊರಗೆ ಬಂದಳು. ಕೈಯಲ್ಲಿ ನೀರಿನ ಕೊಡ, ಬಂದವರಿಗೆ ಕೊಡಲು. ಕೊಡವನ್ನು ಕಟ್ಟೆಯ ಮೇಲೆ ಇಟ್ಟು, ಗಂಡನ ಮುಖ ನೋಡದೆ ನಮ್ಮ ಕಡೆ ತಿರುಗಿ ಹೇಳಿದಳು: "ನಮ್ಮದೂ ಹಂಗ ಹೋಗೇತ್ರಿ, ಗಂಡಮಗ. ನಾ ಒಳಗ ಕುಂತು ಕುಡೀತಿದ್ದೆ, ಯಾರೂ ಬ್ಯಾಡ ಅಂದಿರಲಿಲ್ಲ. ಇನ್ನಮ್ಯಾಲ ಕೊಡಂಗಿಲ್ಲ ನಾವು. ಇಂವ ಇಲ್ಲದಾಗ ಅಂಗಡ್ಯಾಗ ಕುಂದ್ರಾಕಿ ನಾನ."

ಆತನ ಕೈಯ ಬಡಿಗೆ ಗೋಡೆಗೆ ಒರಗಿತು. ಎಲ್ಲರೂ ಒಂದೊಂದು ತಂಬಿಗೆ ನೀರು ಕುಡಿದು ಬಂದೆವು.

ಮರುವರ್ಷ ಸುಗಲಾ ಮತ್ತೆ ಬಸುರಿಯಾದಳು. ಸಂಜೆಯ ನೀರಿಗೆ ತಪ್ಪದೆ ಬಂದಳು, ಕುಡಿಯುವುದನ್ನು ಬಿಟ್ಟಳು. ಆದರೆ ದೀಪಾವಳಿ ಬಂತು, ಟೋಳಿ ಹೊರಡುವ ಹೊತ್ತಾಯಿತು. ಕಬ್ಬಿನ ಕೆಲಸಕ್ಕೆ ಗಂಡ ಹೆಂಡತಿಯ ಜೋಡಿಯನ್ನೇ ಒಂದು ಕೋಯ್ತಾ ಅಂತ ಎಣಿಸುತ್ತಾರೆ. ಹೆಂಡತಿ ಉಳಿದರೆ ಗಂಡನಿಗೂ ಕೆಲಸವಿಲ್ಲ. ಉಳಿಯಲು ದಾರಿಯೇ ಇರಲಿಲ್ಲ. ಹೊರಡುವ ಮೊದಲು ಸುಗಲಾ ನನ್ನ ಹತ್ತಿರ ಬಂದು, "ಅಲ್ಲಿ ಎಲ್ಲಾರೂ ಕುಡೀತಾರ್ರಿ ಬಾಯಾರ. ನಾ ಒಬ್ಬಾಕಿ ಹೆಂಗ ಇರಲಿ?" ಅಂದಳು.

ಟ್ರ್ಯಾಕ್ಟರು ಹೊರಡುವ ದಿನ ಆಯಿ ತನ್ನ ಗಂಟು ಹಿಡಿದುಕೊಂಡು ಬಂದು ಹತ್ತಿ ಕುಳಿತಳು. ಭಟ್ಟಿಯ ಬೆಂಕಿ ಆರಿಸಿ, ಕೊಡಗಳನ್ನು ಬೋರಲು ಹಾಕಿ ಬಂದಿದ್ದಳು. ಟೋಳಿಯ ಮಕ್ಕಳನ್ನು ನೋಡಿಕೊಳ್ಳಲು, ರೊಟ್ಟಿ ಬಡಿಯಲು ಮುದುಕಿಯರು ಜೊತೆಗೆ ಹೋಗುವುದುಂಟು. ಆದರೆ ಈಕೆಗೆ ಅಲ್ಲಿ ತನ್ನವರು ಯಾರೂ ಇರಲಿಲ್ಲ. ಟೋಳಿ ಕರೆದೊಯ್ಯುವ ಮುಕಾದಮ ತಲೆ ಕೆರೆದುಕೊಂಡ. "ಆಯಿ, ನೀ ಯಾಕ?"

"ನಂಗೂ ಕೃಷ್ಣಾ ಹೊಳಿ ನೋಡಬೇಕಾಗೇತಿ. ನೀ ಗಾಡಿ ಬಿಡು" ಅಂದಳು.

ಆ ಚಳಿಗಾಲದಲ್ಲಿ ಆಯಿಯ ದನಿ ನನಗೆ ಕೇಳಿದ್ದು ಯಾರ್ಯಾರದೋ ಮೊಬೈಲಿನಲ್ಲಿ. ಫೋನಿನಲ್ಲಿ ಆಕೆ ಕೂಗಿಯೇ ಮಾತಾಡುವಳು. "ಇಲ್ಲಿ ದವಾಖಾನಿ ಯಾರನ್ನ ಕೇಳಲ್ರಿ?" ನಾನು ಆ ಭಾಗದ ನರ್ಸಬಾಯಿಯ ನಂಬರು ಹುಡುಕಿ ಕೊಟ್ಟೆ, ಸುಗಲಾಳ ತಪಾಸಣೆ ಅಲ್ಲೇ ಶುರುವಾಯಿತು. ಕಬ್ಬಿನ ಸೋಗೆಯ ಗುಡಿಸಲುಗಳ ನಡುವೆ ಆಯಿ ಒಲೆ ಹೂಡಿ, ಹೆಂಗಸರು ಹೊಲದಿಂದ ಬರುವಷ್ಟರಲ್ಲಿ ನೀರು ಕಾಯಿಸಿಡುತ್ತಿದ್ದಳಂತೆ. ಸುಗಲಾಳ ತಲೆಯ ಮೇಲೆ ಹೊರೆ ಏರಬಾರದೆಂದು ಹೇಳಿ, ಅವಳ ಪಾಲಿನದನ್ನು ಟೋಳಿಯ ಉಳಿದ ಹೆಂಗಸರು ಸರದಿಯಲ್ಲಿ ಹೊರುವಂತೆ ಮಾಡಿದಳು. ಹೇಗೆ ಒಪ್ಪಿಸಿದಿರಿ ಎಂದು ಕೇಳಿದರೆ, "ರೊಟ್ಟಿ ಬಡಿಯಾಕಿ ನಾನ ಅಲ್ಲೇನ್ರಿ" ಅಂದಳು. ಭುಜ ಕುಣಿದದ್ದು ನನಗೆ ಕಂಡಂತೆಯೇ ಆಯಿತು.

ಒಂದು ಸಲ ಮಾತ್ರ ಆಕೆಯ ದನಿ ಸಣ್ಣಗಿತ್ತು.

"ನಿನ್ನಿ ಸಂಜೀಕ ಸುಗಲಾ ಕುಡದಾಳ್ರಿ. ಮೊದಲಿನ ಕೂಸು ನೆನಪಾತಂತ. ನಾ ಬೈದಿಲ್ಲ. ಬೈದ್ರ ನಾಳಿ ಮುಚ್ಚಿಟ್ಟ ಕುಡೀತಾಳ. ಇಷ್ಟ ದಿನ ಬಿಟ್ಟಿದ್ದೆಲ್ಲಾ ನೀರಾಗ ಹೋತೇನ್ರಿ?"

"ಇಲ್ಲ ಆಯಿ. ಇವತ್ತಿಂದ ಮತ್ತ ಬಿಟ್ಟರೂ ಕೂಸಿಗೆ ಚಲೋನ. ಯಾವಾಗ ಬಿಟ್ಟರೂ ಚಲೋನ."

"ಅಷ್ಟ ಹೇಳ್ರಿ ಆಕೀಗಿ. ನಾ ಹೇಳಿದ್ರ ಸಮಾಧಾನಕ್ಕ ಹೇಳತಾಳ ಅಂತಾಳ." ಫೋನು ಕೈ ಬದಲಾಯಿತು. ಆ ಕಡೆ ಅಳು ಬಿಟ್ಟರೆ ಏನೂ ಕೇಳಿಸಲಿಲ್ಲ. ನಾನು ಅದನ್ನೇ ಎರಡು ಮೂರು ಸಲ ಹೇಳಿದೆ. ಆಮೇಲೆ ಸುಗಲಾ ಮುಟ್ಟಲಿಲ್ಲ.

ಹೆರಿಗೆ ಅಲ್ಲಿಯ ಸರಕಾರಿ ದವಾಖಾನೆಯಲ್ಲೇ ಆಯಿತು, ದಿನ ತುಂಬುವ ಸ್ವಲ್ಪ ಮೊದಲು. ಹೆಣ್ಣು ಕೂಸು, ಸಣ್ಣದು, ಆದರೆ ಹುಟ್ಟುತ್ತಲೇ ಜೋರಾಗಿ ಅತ್ತಿತು. ಎದೆಗೆ ಮೈ ತಾಗಿಸಿ ಬೆಚ್ಚಗೆ ಇಟ್ಟುಕೊಳ್ಳಬೇಕೆಂದು ಅಲ್ಲಿಯ ಡಾಕ್ಟರಮ್ಮ ಹೇಳಿದ್ದರಂತೆ. ಸುಗಲಾ ದಣಿದಾಗ ಆಯಿ ತನ್ನ ಸೆರಗಿನೊಳಗೆ, ಎದೆಯ ಮೇಲೆ ಅದನ್ನು ಕಟ್ಟಿಕೊಂಡು ಕೂರುವಳು. ಮುಕಾದಮ ಕೂಡ ಕೂಸು ಹೇಗಿದೆ ಎಂದು ದಿನವೂ ಗುಡಿಸಲಿಗೆ ಬಂದು ಕೇಳಿ ಹೋಗುತ್ತಿದ್ದನಂತೆ. ಹಂಗಾಮು ಮುಗಿದು ಟ್ರ್ಯಾಕ್ಟರು ವಸ್ತಿಗೆ ಬಂದ ದಿನ ನಾನು ತಕ್ಕಡಿ ಹಿಡಿದು ಕಾಯುತ್ತಿದ್ದೆ. ನಾನು ಕೂಸನ್ನು ತೂಗಿ ನೋಡಿ ನಕ್ಕಿದ್ದನ್ನು ಕಂಡ ಮೇಲೆಯೇ ಸುಗಲಾ ಗಾಡಿಯಿಂದ ಕೆಳಗಿಳಿದದ್ದು.

ಎಲ್ಲವೂ ಹೀಗೆ ಆಗಲಿಲ್ಲ. ಮುಂದಿನ ಮಳೆಗಾಲದಲ್ಲಿ ಒಂದು ಕೂಸು ಹೋಯಿತು. ಅದರ ತಾಯಿ ಒಂದು ಹನಿ ಮುಟ್ಟಿದವಳಲ್ಲ, ಸಂಜೆಯ ನೀರಿಗೂ ತಪ್ಪಿದವಳಲ್ಲ. "ನಿಮ್ಮ ಮಾತ ಕೇಳಿ ಏನಾತ್ರಿ ಮತ್ತ?" ಎಂದು ಗಂಡಸರು ಕೇಳಿದರು. ಆ ಮನೆಯವರು ಬಾಟಲಿಗೆ ಬಂದಾಗ ಆಯಿ ಕೊಡಲಿಲ್ಲ. ತಾನೇ ಅವರ ಜೊತೆ ನಡೆದು ಆ ಮನೆಗೆ ಹೋದಳು. ಬಾಣಂತಿಯ ಪಕ್ಕದಲ್ಲಿ ಕುಳಿತು, ನೆರೆದವರಿಗೆಲ್ಲ ಕೇಳುವಂತೆ, "ಈಕಿ ತನ್ನ ಕೈಲಾದದ್ದು ಎಲ್ಲಾ ಮಾಡ್ಯಾಳ. ಈಕೀಗಿ ಯಾರೂ ಏನೂ ಅನಬ್ಯಾಡ್ರಿ" ಅಂದಳು. ಅನ್ನಲಿಲ್ಲ ಯಾರೂ. ಕುಣಿಯನ್ನು ಅವತ್ತು ಆ ಮನೆಯ ಗಂಡಸರೇ ತೋಡಿದರು, ಕುಡಿಯದೆ.

ವರ್ಷಗಳು ಕಳೆದಂತೆ ಹಿತ್ತಲಿಗೆ ಬರುವ ಹೊಸ ಸೊಸೆಯರಿಗೆ ಹಳಬರೇ ಎಲ್ಲವನ್ನೂ ಹೇಳತೊಡಗಿದರು. ಕೂಸುಗಳನ್ನು ಎತ್ತಿಕೊಂಡರೆ ಕೈಗೆ ಭಾರ ಹತ್ತತೊಡಗಿತು. ಆಯಿಯ ಕೈ ಸೋತ ಮೇಲೆ ಭಟ್ಟಿಯೂ ಆರಿತು. ಆಕೆ ಅದನ್ನು ಆರಿಸಿದ್ದು ವಯಸ್ಸಾಯಿತೆಂದು, ಪುಣ್ಯಕ್ಕೆಂದಲ್ಲ. ಹಾಗೆ ಸ್ಪಷ್ಟವಾಗಿ ಹೇಳುತ್ತಿದ್ದಳು ಕೂಡ.

ನಾನು ಕೊನೆಯ ಸಲ ಆಕೆಯನ್ನು ಕಂಡದ್ದು ನಿವೃತ್ತಿಯಾದ ಮೇಲೆ, ಒಂದು ಬಿಸಿಲಿನ ಮುಂಜಾನೆ. ಕಟ್ಟೆಯ ಮೇಲೆ ಇಬ್ಬರೂ ಚಹಾ ಕುಡಿಯುತ್ತಿದ್ದೆವು. ಎದುರಿನ ದಾರಿಯಲ್ಲಿ ಸುಗಲಾಳ ಮಗಳು ಪಾಟಿಚೀಲ ಹಾಕಿಕೊಂಡು ಶಾಲೆಗೆ ಓಡುತ್ತ ಹೋದಳು. ಆಯಿ ಅವಳು ಮರೆಯಾಗುವವರೆಗೂ ನೋಡಿ, ಬಸಿ ಕೆಳಗಿಟ್ಟಳು.

"ಬಾಯಾರ, ಖರೇ ಹೇಳ್ರಿ. ಈಕೀಗಿಂತ ಮೊದಲ ಹೋದ್ವಲ್ಲ, ಸುಗಲಾನ ಎರಡು, ಮತ್ತ ಬ್ಯಾರೆ ಮನ್ಯಾಗಿನವು. ಅವಕ್ಕ ನಾನ ಕಾರಣ ಏನು?"

ಸುಳ್ಳು ಹೇಳಿದರೆ ಆಕೆಗೆ ಗೊತ್ತಾಗುತ್ತದೆಂದು ನನಗೆ ಗೊತ್ತಿತ್ತು. ಯೋಚಿಸಿಯೇ ಹೇಳಿದೆ: "ನೀವೊಬ್ಬಾರ ಅಲ್ಲ ಆಯಿ."

ಆಕೆ ಅಂಗೈಯಿಂದ ಕಟ್ಟೆಯನ್ನು ಮೆಲ್ಲಗೆ ತಟ್ಟಿದಳು.

"ಒಬ್ಬಾಕಿ ಅಲ್ಲ ಅಂದ್ರ, ನಾನೂ ಅದೀನಿ ಅಂತ ಆತಲ್ರಿ."

ನಾನು ಇಲ್ಲ ಎನ್ನಲಿಲ್ಲ. ಆಕೆಯೂ ನನ್ನಿಂದ ಹಾಗೆ ಅನ್ನಿಸಿಕೊಳ್ಳಲು ಕೇಳಿರಲಿಲ್ಲ. "ಆತು. ಯಾರರೆ ಒಬ್ಬರ ಬಾಯಿಂದ ಕೇಳಬೇಕಾಗಿತ್ತು" ಅಂದಳು. ಆಮೇಲೆ ಎದ್ದು, ನನ್ನ ಬಸಿಗೆ ಇನ್ನಷ್ಟು ಚಹಾ ಹಾಕಿದಳು.